ಒಂದು ಪೇಕಾನಿಗೆ ಮೂರು ದೆಲ್ಕೊ

ಯಜ್ದ್ ಪಟ್ಟಣದ ಪೋಸ್ಟಾಫೀಸಿನಲ್ಲಿ ಪಾರ್ಸೆಲ್ ಕಿಟಕಿಯ ಹಿಂದೆ ಕೂರುವ ಇರಜ್ ಆಗಾರಿಗೆ ಹುಟ್ಟಿನಿಂದಲೇ ಒಂದು ಕೊರತೆ. ಕಣ್ಣು ಸರಿ, ಕಿವಿ ಸರಿ, ಹಲ್ಲು ಈಗಲೂ ಪಿಸ್ತಾ ಒಡೆಯುವಷ್ಟು ಗಟ್ಟಿ. ಆದರೆ ‘ಬೇಡ’ ಎಂಬ ಮಾತು ಮಾತ್ರ ಅವರ ಗಂಟಲು ದಾಟಿ ಬರುತ್ತಿರಲಿಲ್ಲ. ಅದು ಹೊಟ್ಟೆಯಲ್ಲಿ ಹುಟ್ಟುತ್ತಿತ್ತು, ಎದೆಯವರೆಗೆ ಏರುತ್ತಿತ್ತು, ನಾಲಗೆಯ ಬುಡಕ್ಕೆ ಬಂದು ಎದುರಿಗಿದ್ದವರ ಮುಖ ನೋಡಿ, ನಾಚಿಕೊಂಡು, ಬಂದ ದಾರಿಯಲ್ಲೇ ಇಳಿದು ಹೋಗುತ್ತಿತ್ತು. ಅದರ ಬದಲು ಬಾಯಿಂದ ಬೀಳುತ್ತಿದ್ದುದು ‘ಕಣ್ಣ ಮೇಲೆ’ ಎಂಬ ಮಾತು. ನೀವು ಹೇಳಿದ್ದನ್ನು ಕಣ್ಣ ಮೇಲಿಟ್ಟುಕೊಂಡೆ, ಆಯಿತು, ಒಪ್ಪಿದೆ ಎಂದು.

ಬೇರೆ ಊರಿನಲ್ಲಾಗಿದ್ದರೆ ಇಂಥವರನ್ನು ಸಾಧು ಮನುಷ್ಯ ಎಂದು ಬಿಟ್ಟುಬಿಡುತ್ತಿದ್ದರು. ಯಜ್ದ್‌ನಲ್ಲಿ ಇಂಥವರು ಊರಿಗೇ ಅಪಾಯ. ಯಾಕೆಂದರೆ ಇಲ್ಲಿ ಯಾರ ಮನೆಗಾದರೂ ಹೋಗಿ ಯಾವ ವಸ್ತುವನ್ನಾದರೂ ಮೆಚ್ಚಿದಿರೋ, ಮನೆಯವರು ‘ನಿಮ್ಮದೇ, ತಗೊಂಡು ಹೋಗಿ’ ಅನ್ನಲೇಬೇಕು. ನೀವು ಬೇಡ, ಬೇಡ, ಖಂಡಿತ ಬೇಡ ಎಂದು ಮೂರು ಸಲ ಅನ್ನಲೇಬೇಕು. ಆಮೇಲೆ ಇಬ್ಬರೂ ನೆಮ್ಮದಿಯಾಗಿ ಚಹಾ ಕುಡಿಯಬೇಕು. ವಸ್ತು ಇದ್ದಲ್ಲೇ ಇರುತ್ತದೆ, ಮರ್ಯಾದೆ ಮಾತ್ರ ಎರಡೂ ಕಡೆ ಹೆಚ್ಚುತ್ತದೆ. ಈ ಉಪಚಾರದ ಗಾಡಿಗೆ ಎರಡು ಚಕ್ರ. ಇರಜ್ ಆಗಾರ ಹತ್ತಿರ ಇದ್ದುದು ಒಂದೇ. ಹೀಗಾಗಿ ಅವರ ಮನೆಯಲ್ಲಿ ಯಾರದೋ ಮುತ್ತಜ್ಜಿಯ ಚಹಾ ಕಾಯಿಸುವ ಸಮೋವಾರ್, ಯಾರದೋ ಮಗನ ಈಜಿನ ಪದಕ, ಹಾಡದೇ ಇರುವ ಒಂದು ಹಕ್ಕಿ ಎಲ್ಲ ಸೇರಿಕೊಂಡಿದ್ದವು. ಒಳ್ಳೆಯ ರತ್ನಗಂಬಳಿ ಇರುವ ಮನೆಗಳಿಗೆ ಅವರನ್ನು ಕರೆದುಕೊಂಡು ಹೋಗುವುದನ್ನು ಹೆಂಡತಿ ತೂರಾನ್ ಖಾನುಂ ಎಂದೋ ನಿಲ್ಲಿಸಿದ್ದರು.

ಇಂಥ ಇರಜ್ ಆಗಾರ ಮಗಳು ಗೋಲ್‌ನೂಶ್‌ಗೆ ಮದುವೆ ಗೊತ್ತಾಯಿತು. ಗಂಡು ಬರ್ದಿಯಾ, ದಂತವೈದ್ಯ, ಮಹಾ ವಿನಯವಂತ; ರೋಗಿಯ ಬಾಯಿ ತೆರೆಸುವ ಮೊದಲು ಅವರ ಅಪ್ಪ ಅಮ್ಮನ ಕ್ಷೇಮ ವಿಚಾರಿಸುವವನು. ಗೋಲ್‌ನೂಶ್ ಗಂಡನ ಬಗ್ಗೆಯಾಗಲಿ ಒಡವೆಯ ಬಗ್ಗೆಯಾಗಲಿ ಒಂದು ಷರತ್ತೂ ಹಾಕಲಿಲ್ಲ. ಅವಳ ಷರತ್ತು ಒಂದೇ. ಮದುವೆಯ ದಿನ ಅಪ್ಪನ ಪೇಕಾನ್ ಕಾರಿನಲ್ಲೇ ತವರಿನಿಂದ ಹೊರಡಬೇಕು.

ಪೇಕಾನ್ ಎಂದರೆ ಗೊತ್ತಲ್ಲ, ಒಂದು ಕಾಲದಲ್ಲಿ ನಾಡಿನ ಪ್ರತಿ ಬೀದಿಯಲ್ಲೂ ನಿಂತಿರುತ್ತಿದ್ದ ಡಬ್ಬಿಯಂಥ ಕಾರು. ಇರಜ್ ಆಗಾರದು ಟೊಮೆಟೊ ಬಣ್ಣದ್ದು, ಬಾಗಿಲಿಗೆ ಕಪ್ಪು ಪಟ್ಟಿ ಎಳೆದದ್ದು, ಅವರ ತಂದೆ ಹೊಸದಾಗಿ ಕೊಂಡದ್ದು. ಈಗ ಅದಕ್ಕೆ ಕಾರ್ಬ್ಯುರೇಟರಿನ ಉಬ್ಬಸ. ಬೆಳಿಗ್ಗೆ ಏಳಿಸಬೇಕಾದರೆ ಬೇಡಿಕೊಳ್ಳಬೇಕು, ಸಿಗ್ನಲ್ಲಿನಲ್ಲಿ ನಿಂತರೆ ಮಲಗಿಬಿಡುತ್ತದೆ.

ಒಂದು ಶುಕ್ರವಾರ ತೂರಾನ್ ಖಾನುಂ ಅವರ ತಾಯಿಯ ಮನೆಯಲ್ಲಿ ಊಟ. ಪೇಕಾನ್ ಗಲ್ಲಿಯ ಬಾಯಿಗೆ ಬಂದು ಕೆಮ್ಮಿ ಸತ್ತಿತು. ಗೋಲ್‌ನೂಶ್ ಮತ್ತು ತೂರಾನ್ ಖಾನುಂ ಇಳಿದು ತಳ್ಳಿದರು. ಇದನ್ನೆಲ್ಲ ಮಹಡಿಯಿಂದ ನೋಡುತ್ತ ನಿಂತಿದ್ದವರು ಇರಜ್ ಆಗಾರ ಷಡ್ಡಕ, ಇಂಜಿನಿಯರ್ ಕಯೂಮರ್ಸ್. ಅವರು ಇಂಜಿನಿಯರಿಂಗ್ ಓದಿದವರಲ್ಲ, ನೆಲದ ಟೈಲ್ಸ್ ಮಾರುವವರು. ಆದರೆ ಒಮ್ಮೆ ಬ್ಯಾಂಕ್ ಮ್ಯಾನೇಜರು ಮರೆತು ‘ಬನ್ನಿ ಇಂಜಿನಿಯರ್ ಸಾಹೇಬ್ರೇ’ ಎಂದಿದ್ದರು. ಆ ಮರೆವನ್ನು ಕಯೂಮರ್ಸ್ ತಮ್ಮ ಅಂಗಡಿಯ ಬೋರ್ಡಿನ ಮೇಲೆ ಬರೆಸಿದ್ದರು.

ಅನ್ನದ ತಟ್ಟೆ ಸುತ್ತು ಬರುವಾಗ ಇಂಜಿನಿಯರ್ ಸಾಹೇಬರು ಎಲ್ಲರಿಗೂ ಕೇಳಿಸುವಂತೆ ತಮ್ಮ ಹೊಸ ಬಿಳಿ ಕಾರಿನ ಮಾತೆತ್ತಿದರು. ಮದುವೆಯ ದಿನ ಅದೇ ವಧುವಿನ ಕಾರು, ಹೂ ಹಚ್ಚಿ, ರಿಬ್ಬನ್ ಕಟ್ಟಿ, ಅದು ನಿಮ್ಮದೇ ಅಂದುಕೊಳ್ಳಿ ಎಂದರು. ಗೋಲ್‌ನೂಶಳ ಚಮಚ ಅರ್ಧ ದಾರಿಯಲ್ಲಿ ನಿಂತಿತು. ತೂರಾನ್ ಖಾನುಂ ಮೇಜಿನಡಿಯಲ್ಲಿ ಗಂಡನ ಕಾಲು ತುಳಿದರು. ಎರಡಕ್ಷರ ಸಾಕಾಗಿತ್ತು. ಇರಜ್ ಆಗಾ ಬಾಯಿ ತೆರೆದರು. ಹೊಟ್ಟೆಯಲ್ಲಿ ಹುಟ್ಟಿದ್ದು ಎದೆಗೇರಿತು, ಗಂಟಲಿಗೆ ಬಂತು, ಷಡ್ಡಕರ ಮುಖ ನೋಡಿತು, ಇಳಿದು ಹೋಯಿತು.

“ನಿಮ್ಮ ಪ್ರೀತಿ ದೊಡ್ಡದು,” ಎಂದರು ಇರಜ್ ಆಗಾ. “ಆದ್ರೆ ನಮ್ಮ ಪೇಕಾನ್ ಬೇಜಾರ್ ಮಾಡ್ಕೊಳ್ಳುತ್ತೆ ನೋಡಿ. ಅದನ್ನ ಇಂಜೆಕ್ಷನ್ ಮಾಡಿಸ್ತಾ ಇದೀನಿ.”

ಹಾಗೆ ಮಾಡಿಸುವ ಯೋಚನೆ ಆ ಗಳಿಗೆಯವರೆಗೆ ಅವರ ತಲೆಯಲ್ಲೇ ಇರಲಿಲ್ಲ. ಕಾರ್ಬ್ಯುರೇಟರ್ ಕಿತ್ತು, ಹೊಸ ಕಾಲದ ಕಾರುಗಳ ಹಾಗೆ ಪುಟ್ಟ ಕಂಪ್ಯೂಟರೊಂದು ಅಳೆದು ಪೆಟ್ರೋಲ್ ಸಿಂಪಡಿಸುವಂತೆ ಮಾಡಿಸಬಹುದು ಎಂದು ಪೋಸ್ಟಾಫೀಸಿನಲ್ಲಿ ಯಾರೋ ಯಾರಿಗೋ ಹೇಳಿದ್ದು ಕಿವಿಗೆ ಬಿದ್ದಿತ್ತು, ಅಷ್ಟೆ.

ಇಂಜಿನಿಯರ್ ಸಾಹೇಬರ ಹುಬ್ಬು ಮೇಲೇರಿತು. ಅವರ ಮನೆಯ ಹಿಂದಿನ ಷೆಡ್ಡಿನಲ್ಲಿ ಯೌವನದ ಕಾಲದ ಒಂದು ಜೀಪು ಇತ್ತು. ಶುಕ್ರವಾರಗಳನ್ನು ಅದರ ಹೊಟ್ಟೆಯೊಳಗೆ ಕಳೆಯುವವರಾದ್ದರಿಂದ ಈ ವಿಷಯದಲ್ಲಿ ಅವರಿಗೆ ಸಾಕಷ್ಟು ಗೊತ್ತಿತ್ತು. “ಹೌದಾ? ಯಾವ ದೆಲ್ಕೊ ಹಾಕ್ತಿದೀರಿ?”

ದೆಲ್ಕೊ ಎಂದರೆ ಡಿಸ್ಟ್ರಿಬ್ಯೂಟರ್. ಇಂಜಿನ್ನಿನ ಪಕ್ಕದಲ್ಲಿ ಗಿರ್ರನೆ ತಿರುಗುತ್ತ ನಾಲ್ಕು ಸಿಲಿಂಡರುಗಳಿಗೆ ಸರದಿಯ ಪ್ರಕಾರ ಕಿಡಿ ಹಂಚುವ ಟೋಪಿ ಹಾಕಿದ ಸಾಮಾನು. ಇರಜ್ ಆಗಾರಿಗೆ ಇದು ಗೊತ್ತಿರಲಿಲ್ಲ. ಆದರೂ ಗಂಭೀರವಾಗಿ ತಲೆಯಾಡಿಸಿ, “ಅದನ್ನೇ ಆರಿಸ್ತಾ ಇದೀವಿ” ಎಂದರು.

ಹಿಂತಿರುಗುವಾಗ ಗೋಲ್‌ನೂಶ್ ಹಿಂದಿನ ಸೀಟಿನಿಂದ ಅಪ್ಪನ ಕುತ್ತಿಗೆಗೆ ಕೈ ಹಾಕಿದಳು. “ನಿಜವಾಗ್ಲೂ ಮಾಡಿಸ್ತೀಯ ತಾನೆ ಅಪ್ಪ? ಇಲ್ಲಾಂದ್ರೆ ನಾನು ಆ ಬಿಳೀ ಫ್ರಿಜ್ಜಲ್ಲಿ ಕೂತ್ಕೊಂಡು ಹೋಗ್ಬೇಕಾಗುತ್ತೆ.”

“ಕಣ್ಣ ಮೇಲೆ ಮಗಳೇ.”

ಮೆಕ್ಯಾನಿಕ್ ಉಸ್ತಾದ್ ಕುದ್ರತ್ ಊರಿಗೇ ಹೆಸರಾದವರು, ಕೆಲಸಕ್ಕಿಂತ ಹೆಚ್ಚಾಗಿ ಸಭ್ಯತೆಗೆ. ಗಿರಾಕಿಯ ಮಾತಿಗೆ ಎದುರಾಡಿದವರಲ್ಲ. ಚಕ್ರ ಚೌಕವಾಗಿರಲಿ ಎಂದು ಯಾರಾದರೂ ಹೇಳಿದ್ದರೆ ಅಳತೆ ಕೇಳುತ್ತಿದ್ದರೇ ಹೊರತು ಯಾಕೆಂದು ಕೇಳುತ್ತಿರಲಿಲ್ಲ. ಅವರು ಪೆಟ್ರೋಲ್ ಪಂಪು, ಸಿಂಪಡಿಸುವ ಕೊಳವೆ, ಗುಜರಿಗೆ ಹೋದ ಕಾರಿನ ಕಂಪ್ಯೂಟರು ಎಲ್ಲ ಜೋಡಿಸಿದರು. ಉಳಿದದ್ದು ದೆಲ್ಕೊ.

ಚಹಾ ತರಿಸಿ ಅವರು ವಿವರಿಸಿದ್ದು ಇಷ್ಟು. ಹಳೆಯ ದೆಲ್ಕೊಗೆ ಸ್ವಂತ ಬುದ್ಧಿಯಿದೆ. ಇಂಜಿನ್ ವೇಗವಾದಾಗ ಒಳಗಿನ ತೂಕದ ಗುಂಡುಗಳು ಅಗಲವಾಗಿ, ಕಿಡಿಯನ್ನು ತಾನೇ ಸ್ವಲ್ಪ ಮುಂಚಿತವಾಗಿ ಕೊಡುತ್ತದೆ. ಈಗ ಬಂದಿರುವ ಕಂಪ್ಯೂಟರಿಗೂ ಅದೇ ಕೆಲಸ. ಇಬ್ಬರೂ ಹಟ ಹಿಡಿದರೆ ಒಂದೇ ಬಾಗಿಲಲ್ಲಿ ಇಬ್ಬರು ಷಡ್ಡಕರು ಒಟ್ಟಿಗೆ ನುಗ್ಗಿದ ಹಾಗೆ, ಭುಜಕ್ಕೆ ಭುಜ ತಾಗಿ ಬಾಗಿಲು ಮುರಿಯುತ್ತದೆ. ಆದ್ದರಿಂದ ತಾಗಿ ಬಿಡುವ ಲೋಹದ ಮುಳ್ಳಿನಿಂದ ಕಿಡಿ ಎಬ್ಬಿಸುವ ಹಳೆಯ ದೆಲ್ಕೊ ಇದೆ, ಮುಳ್ಳಿಲ್ಲದ ಎಲೆಕ್ಟ್ರಾನಿಕ್ ದೆಲ್ಕೊ ಇದೆ, ಮತ್ತೆ ಒಳಗಿನ ಗುಂಡುಗಳನ್ನು ಬಿಗಿದು ಬುದ್ಧಿ ಕಟ್ಟಿಹಾಕಿದ ದೆಲ್ಕೊ ಒಂದಿದೆ. ಅದು ಹೇಳಿದಷ್ಟು ಮಾಡುತ್ತದೆ, ಬಾಯಿ ಮುಚ್ಚಿಕೊಂಡಿರುತ್ತದೆ.

ಮೂರನೆಯದನ್ನು ಹೇಳುವಾಗ ಉಸ್ತಾದರ ಕಣ್ಣು ತಮ್ಮ ಕಪಾಟಿನ ಕಡೆ ಒಮ್ಮೆ ಹೋಗಿ ಬಂತು. ಅಂಥದೊಂದು ಅಲ್ಲೇ ಇತ್ತು. ಆದರೆ ತಮ್ಮ ಸಾಮಾನನ್ನು ತಾವೇ ಹೊಗಳುವುದು ಅಂಗಡಿ ಬೀದಿಯವರ ನಡತೆ, ಉಸ್ತಾದ್ ಅಂಥವರಲ್ಲ.

ಯಾವುದು ಒಳ್ಳೆಯದು ಎಂದು ಇರಜ್ ಆಗಾ ಕೇಳಿದರು. ನೀವು ಯಾವುದನ್ನು ಅಪ್ಪಣೆ ಕೊಟ್ಟರೆ ಅದೇ ಒಳ್ಳೆಯದು ಎಂದರು ಉಸ್ತಾದ್. ಛೆ, ತಿಳಿದವರು ನೀವು, ನೀವೇ ಹೇಳಬೇಕು ಎಂದರು ಇವರು. ಕಾರಿನ ಯಜಮಾನರಿರುವಾಗ ಕೆಲಸಗಾರ ಬಾಯಿ ಹಾಕಬಾರದು ಎಂದರು ಅವರು. ಎರಡನೆಯ ಲೋಟ ಚಹಾ ಬಂತು. ನಿಮ್ಮ ಕೈಯಲ್ಲಿ ನನ್ನ ಕಾರು ಮಗುವಿದ್ದ ಹಾಗೆ ಎಂದು ಇವರೆಂದರೆ, ಮಗುವಿಗೆ ಹೆಸರಿಡುವುದು ಅಪ್ಪನ ಹಕ್ಕು ಎಂದು ಅವರೆಂದರು. ಮೂರನೆಯ ಲೋಟದ ಹೊತ್ತಿಗೆ ಇಬ್ಬರಿಗೂ ಪರಸ್ಪರರ ಮೇಲೆ ಅಪಾರ ಗೌರವ ಮೂಡಿತ್ತು. ದೆಲ್ಕೊ ಕೂರಬೇಕಾದ ತೂತಿಗೆ ಒಂದು ಚಿಂದಿ ಬಟ್ಟೆ ತುರುಕಿ ಅಂಗಡಿ ಮುಚ್ಚಿದರು.

ಸರಿ, ಅನುಭವಸ್ಥರನ್ನು ಕೇಳೋಣ ಎಂದು ಇರಜ್ ಆಗಾ ಎದುರು ಮನೆಯ ಹಾಜಿ ಯದುಲ್ಲಾ ಅವರ ಬಳಿ ಹೋದರು. ಹಾಜಿ ಜೀವನಪೂರ್ತಿ ಪೇಕಾನ್ ಟ್ಯಾಕ್ಸಿ ಓಡಿಸಿದವರು. ಟ್ಯಾಕ್ಸಿ ಗುಜರಿಗೆ ಹೋಗಿತ್ತು. ಅದರ ದೆಲ್ಕೊ ಮಾತ್ರ ಅವರ ಗೂಡಿನಲ್ಲಿ, ತೀರಿಕೊಂಡ ಹೆಂಡತಿಯ ಫೋಟೊದ ಪಕ್ಕ, ಕಸೂತಿ ಬಟ್ಟೆಯ ಮೇಲೆ ಕೂತಿತ್ತು. ಹಾಜಿ ಅದನ್ನು ದಿನಾ ಒರೆಸುತ್ತಿದ್ದರು. ಫೋಟೊವನ್ನೂ ಒರೆಸುತ್ತಿದ್ದರು, ದೆಲ್ಕೊ ಆದ ಮೇಲೆ.

ಇರಜ್ ಆಗಾ ಮರ್ಯಾದೆಗೆಂದು, ಎಷ್ಟು ಚಂದ ಇದೆ ಎಂದರು.

“ನಿಮ್ಮದೇ ಅದು,” ಎಂದರು ಹಾಜಿ, ಯಜ್ದ್‌ನ ಯಾವ ಮನುಷ್ಯನಾದರೂ ಹೇಳುವ ಹಾಗೆ. “ಮಗಳ ಮದುವೆ ಕಾರಿಗೆ ಹಾಕ್ಕೊಳ್ಳಿ. ತಗೊಂಡು ಹೋಗಿ.”

“ಕಣ್ಣ ಮೇಲೆ,” ಎಂದರು ಇರಜ್ ಆಗಾ.

ಹಾಜಿಯ ಮುಖದ ಮೇಲೆ ಏನೋ ಒಂದು ಹಾದುಹೋಯಿತು. ಇರಜ್ ಆಗಾ ಅದನ್ನು ವಾತ್ಸಲ್ಯ ಎಂದುಕೊಂಡರು. ಹಾಜಿ ಎರಡು ಸಲ ಕೈ ಚಾಚಿ ಎರಡು ಸಲ ಹಿಂದೆಗೆದು, ಕೊನೆಗೆ ಕಸೂತಿ ಬಟ್ಟೆಯ ಸಮೇತ ದೆಲ್ಕೊ ಎತ್ತಿಕೊಟ್ಟರು.

ಮನೆಯಲ್ಲಿ ತೂರಾನ್ ಖಾನುಂ ಮೂರು ಸಲ ಬೇಡ ಅಂದಿರಾ ಎಂದು ಕೇಳಿದರು. ಒಂದು ಸಲವೂ ಬಾಯಿಗೆ ಬರಲಿಲ್ಲ ಎಂದು ಗಂಡ ಒಪ್ಪಿಕೊಂಡಾಗ ಅವರು ಹಣೆ ಚಚ್ಚಿಕೊಂಡರು. ಇನ್ನು ವಾಪಸು ಕೊಡುವ ಹಾಗೂ ಇಲ್ಲ. ನಿಮ್ಮ ಉಡುಗೊರೆ ನಮಗೆ ತಕ್ಕದ್ದಲ್ಲ ಎಂದಂತಾಗುತ್ತದೆ. ಮುದುಕರ ಎದೆ ಒಡೆಯುತ್ತದೆ.

ಇದು ಗೊತ್ತಾದ ಮೇಲೆ ಇಂಜಿನಿಯರ್ ಸಾಹೇಬರು ಸುಮ್ಮನಿರುತ್ತಾರೆಯೆ? ಟ್ಯಾಕ್ಸಿಯ ಹಳೇ ಮುಳ್ಳಿನ ದೆಲ್ಕೊವಂತೆ, ಅದಕ್ಕೆ ಕಂಪ್ಯೂಟರಂತೆ ಎಂದು ನಕ್ಕು, ಇರಜ್ ಆಗಾರನ್ನು ತಮ್ಮ ಷೆಡ್ಡಿಗೆ ಕರೆದೊಯ್ದು, ಜೀಪಿನ ಹೊಟ್ಟೆ ತೆರೆದು ತೋರಿಸಿದರು. ಅಲ್ಲಿತ್ತು, ಕೆಂಪು ಟೋಪಿಯ ಎಲೆಕ್ಟ್ರಾನಿಕ್ ದೆಲ್ಕೊ, ಹಬ್ಬದ ದಿನದ ಮಗುವಿನ ಹಾಗೆ. ಇರಜ್ ಆಗಾ ವಾಹ್ ಎಂದರು. ತಪ್ಪು ಅಲ್ಲೇ ಆಯಿತು. ನಿಮ್ಮ ಪೇಕಾನಿಗೂ ಇದು ಕೂರುತ್ತೆ, ನಿಮ್ಮದೇ ಅಂದುಕೊಳ್ಳಿ ಎಂದು ಇಂಜಿನಿಯರ್ ಸಾಹೇಬರು ಅಂದರು, ಅನ್ನದೇ ವಿಧಿಯಿರಲಿಲ್ಲ. ಅಂದು, ಎದುರಿನಿಂದ ಬರಬೇಕಾದ ಮಾತಿಗಾಗಿ ಮುಗುಳ್ನಗುತ್ತ ಕಾದರು. ಬಂದದ್ದು ‘ಕಣ್ಣ ಮೇಲೆ’. ಮುಗುಳ್ನಗೆ ಹಾಗೇ ಮುಖದ ಮೇಲೆ ಒಣಗಿತು. ಇಂಜಿನಿಯರ್ ಸಾಹೇಬರು ತಮ್ಮ ಜೀಪಿನ ನಟ್ಟನ್ನು ತಮ್ಮ ಕೈಯಾರೆ ಬಿಚ್ಚಿದರು.

ಅಲ್ಲಿಂದಾಚೆ ಊರು ಎರಡು ಭಾಗವಾಯಿತು. ಸಂಗಕ್ ರೊಟ್ಟಿಯ ಅಂಗಡಿಯ ಸಾಲಿನಲ್ಲಿ ಒಂದು ಕಡೆ ಹಾಜಿಯ ಪಕ್ಷ, ಇನ್ನೊಂದು ಕಡೆ ಕೆಂಪು ಟೋಪಿಯ ಪಕ್ಷ. ಮುಳ್ಳು ಸವೆದರೆ ರಸ್ತೆ ಬದಿಯಲ್ಲೇ ಉಜ್ಜಿಕೊಳ್ಳಬಹುದು ಎಂದು ಒಬ್ಬರೆಂದರೆ, ವಧು ಉಜ್ಜುಕಾಗದ ಹಿಡಿದು ಗಂಡನ ಮನೆಗೆ ಹೋಗಬೇಕೇನು ಎಂದು ಇನ್ನೊಬ್ಬರು ಕೇಳುತ್ತಿದ್ದರು. ರೊಟ್ಟಿ ಸುಡುವವನು ಎರಡು ಪಕ್ಷದವರ ರೊಟ್ಟಿಯನ್ನೂ ಸೀಯಿಸಿ ತಟಸ್ಥನಾಗಿ ಉಳಿದ. ಪಾರ್ಸೆಲ್ ಕಿಟಕಿಗೆ ಬಂದವರು ಪೊಟ್ಟಣ ತೂಗಿಸುವ ಮೊದಲು ಯಾವುದು ಕೂತಿತು ಎಂದು ವಿಚಾರಿಸುತ್ತಿದ್ದರು. ಇರಜ್ ಆಗಾ ಎರಡೂ ಪಕ್ಷದವರಿಗೂ ಸರಿ ಎನ್ನುತ್ತಿದ್ದರು.

ವಾಹನ ತಪಾಸಣೆ ಕೇಂದ್ರದಲ್ಲಿ ಇನ್ನೊಂದು ಪ್ರಸಂಗ. ಇಂಜಿನ್ನಿನಲ್ಲಿ ಮಾಡಿದ ಬದಲಾವಣೆಗೆ ಅನುಮತಿ ಬೇಕಿತ್ತು. ಯಾವ ದೆಲ್ಕೊ ಎಂದು ಅಧಿಕಾರಿ ಕೇಳಿದರು. ನಿಮಗೆ ಯಾವುದು ಇಷ್ಟವೋ ಅದು ಎಂದರು ಇರಜ್ ಆಗಾ. ಇದು ಲಂಚದ ಮಾತೆಂದು ಅಧಿಕಾರಿಯ ಮುಖ ಬಿಗಿಯಿತು. ಬಾಗಿಲು ಪೂರ್ತಿ ತೆರೆದಿಡುವಂತೆ ಜವಾನನಿಗೆ ಹೇಳಿ, ಇಲ್ಲಿ ಅಂಥದ್ದೆಲ್ಲ ನಡೆಯುವುದಿಲ್ಲ ಎಂದು ಕಾರಿಡಾರಿನವರೆಗೆ ಕೇಳಿಸುವಂತೆ ಗದರಿಸಿದರು. ಇರಜ್ ಆಗಾ ಕಂಗಾಲಾಗಿ ಇಬ್ಬರು ಹಿರಿಯರ ಕತೆಯನ್ನು ಹೇಳಿದರು. ಕೇಳುತ್ತ ಕೇಳುತ್ತ ಅಧಿಕಾರಿಯ ಕಣ್ಣು ತೇವವಾಯಿತು. ತಮ್ಮ ಸೋದರಮಾವನಿಗೂ ಒಂದು ಪೇಕಾನ್ ಇತ್ತು ಎಂದು ಶುರು ಮಾಡಿ, ಹೊರಗಿನ ಸಾಲು ಗೇಟಿನಾಚೆ ಹೋಗುವವರೆಗೆ ಮಾತಾಡಿದರು. ಕೊನೆಗೆ ಅನುಮತಿಗೆ ಮುದ್ರೆ ಒತ್ತಿ ಅವರು ಕೊಟ್ಟ ಸಲಹೆ ಒಂದೇ: ಯಾರನ್ನೂ ನೋಯಿಸಬೇಡಿ.

ನೋಯಿಸದಿರುವುದು ಹೇಗೆ? ಹಾಜಿ ದಿನಾ ಉಸ್ತಾದರ ಅಂಗಡಿಗೆ ಬಂದು, ತಮ್ಮ ದೆಲ್ಕೊ ಸುಖವಾಗಿದೆಯೇ ಎಂದು ನೋಡಿ, ಅದರ ಮೈ ಸವರಿ, ನಿಟ್ಟುಸಿರಿಟ್ಟು ಹೋಗುತ್ತಿದ್ದರು. ಇಂಜಿನಿಯರ್ ಸಾಹೇಬರು ಖುತ್ತಾಬ್ ಸಿಹಿಯ ಡಬ್ಬಿ ಹಿಡಿದು ಬಂದು ಕೆಂಪು ಟೋಪಿಯನ್ನು ಕಣ್ತುಂಬ ನೋಡುತ್ತಿದ್ದರು. ಒಬ್ಬರು ಗಲ್ಲಿಯ ತಿರುವಿನಲ್ಲಿ ಕಾಣಿಸಿದಾಗ ಇನ್ನೊಬ್ಬರದನ್ನು ಬಿಚ್ಚಿ, ಇವರದನ್ನು ಕೂರಿಸಿ, ಬಾನೆಟ್ ಎತ್ತಿ ನಿಲ್ಲಬೇಕು. ಉಸ್ತಾದರ ಬೆರಳುಗಳು ಸುಲಿದುಹೋದವು. ಆದರೂ, ಕಷ್ಟವೆಂಥದು, ನಿಮ್ಮ ಮನೆಯ ಕೆಲಸ ನನಗೆ ಹಬ್ಬ ಎಂದೇ ಅವರು ಹೇಳುತ್ತಿದ್ದರು.

ಮದುವೆಯ ಹಿಂದಿನ ದಿನ ಇರಜ್ ಆಗಾರಿಗೆ ಒಂದು ಯೋಚನೆ ಹೊಳೆಯಿತು. ಬಾಳಿನಲ್ಲಿ ಮೊದಲ ಸಲ ಹೊಳೆದ ಯೋಚನೆಯಾದ್ದರಿಂದ ಅದನ್ನು ಯಾರೂ ಪರೀಕ್ಷಿಸಲಿಲ್ಲ. ಹಾಜಿ ಸವರುವುದು ಕೆಳಗಿನ ಮೈಯನ್ನು. ಷಡ್ಡಕರು ನೋಡುವುದು ಮೇಲಿನ ಟೋಪಿಯನ್ನು. ಹಾಜಿಯ ಮೈಗೆ ಷಡ್ಡಕರ ಟೋಪಿ ಹಾಕಿದರೆ?

ಉಸ್ತಾದ್ ಕುದ್ರತ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ನಲವತ್ತು ವರ್ಷದ ಕಸುಬು ಅವರ ಗಂಟಲವರೆಗೆ ಬಂತು. ಆಮೇಲೆ ಅವರು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. “ನೀವು ಹೇಳಿದ ಮೇಲೆ ಮುಗೀತು.”

ಟೋಪಿಯ ಕ್ಲಿಪ್ಪು ಆ ಮೈಗೆ ಹತ್ತಲಿಲ್ಲ; ತಂತಿ ಸುತ್ತಿದರು. ಟೋಪಿ ಕಾಲುಭಾಗ ತಿರುಗಿ ಕೂತಿತು. ಕೂತಿತಲ್ಲ ಎಂದು ಸಮಾಧಾನಪಟ್ಟರು. ಹಾಜಿ ಬಂದು ಕೆಳಗೆ ಕೈಯಾಡಿಸಿ ಕಣ್ಣೊರೆಸಿಕೊಂಡು ಹೋದರು. ಇಂಜಿನಿಯರ್ ಸಾಹೇಬರು ಮೇಲೆ ನೋಡಿ ಗಂಟಲು ಸರಿಮಾಡಿಕೊಂಡು ಹೋದರು. ಎಲ್ಲರಿಗೂ ಸಂತೋಷ, ಇಂಜಿನ್ ಒಂದನ್ನು ಬಿಟ್ಟು. ಪಾರ್ಸೆಲ್ ಕಿಟಕಿಯಲ್ಲಿ ಒಂದು ದಿನಕ್ಕೂ ಒಬ್ಬರ ಪೊಟ್ಟಣ ಇನ್ನೊಬ್ಬರಿಗೆ ಕೊಡದ ಇರಜ್ ಆಗಾರ ಕಾರಿನಲ್ಲಿ ಈಗ ಪ್ರತಿಯೊಂದು ಕಿಡಿಯೂ ಪಕ್ಕದ ಮನೆಗೆ ಬಟವಾಡೆಯಾಗುತ್ತಿತ್ತು. ಕೀಲಿ ತಿರುಗಿಸಿದರೆ ಢಂ ಎಂದು ಗಾಳಿಯ ಕೊಳವೆಯಿಂದ ಬೆಂಕಿ. ಇನ್ನೊಮ್ಮೆ ತಿರುಗಿಸಿದರೆ ಹಿಂದಿನಿಂದ ಢಂ. ಎದುರು ಮಾಳಿಗೆಯ ಪಾರಿವಾಳಗಳು ಗುಳೆ ಎದ್ದವು.

ನಾಳೆ ಬೆಳಿಗ್ಗೆಗೆ ತಣ್ಣಗಾಗಿರುತ್ತೆ, ಸರಿ ಹೋಗುತ್ತೆ ಎಂದು ಇರಜ್ ಆಗಾ ಮತ್ತು ಉಸ್ತಾದ್ ಒಬ್ಬರಿಗೊಬ್ಬರು ಧೈರ್ಯ ಹೇಳಿದರು.

ಮದುವೆಯ ದಿನ ಪೇಕಾನನ್ನು ತಳ್ಳಿಕೊಂಡೇ ಬಂದು ಮನೆಯ ಬಾಗಿಲಲ್ಲಿ ನಿಲ್ಲಿಸಿ, ಬಾನೆಟ್ಟಿನ ಮೇಲೆ ಬಿಳಿ ಗ್ಲಾಡಿಯೋಲಸ್ ಹೂ ಹಚ್ಚಿದರು. ಅದರ ಹಿಂದೆಯೇ ಇಂಜಿನಿಯರ್ ಸಾಹೇಬರ ಬಿಳಿ ಕಾರು, ತೊಳೆದು, ಯಾವುದಕ್ಕೂ ಸಿದ್ಧವಾಗಿ. ಒಳಗೆ ಅಂಗಳದ ಪಕ್ಕದ ಕೋಣೆಯಲ್ಲಿ ಕನ್ನಡಿ, ಮೇಣದಬತ್ತಿ, ಜೇನು, ಬಾದಾಮಿ ಎಲ್ಲ ಹರಡಿದ ಹಾಸಿನ ಮುಂದೆ ಗೋಲ್‌ನೂಶ್ ಮತ್ತು ಬರ್ದಿಯಾ ಕೂತರು. ಅವರ ತಲೆಯ ಮೇಲೆ ಹೆಂಗಸರು ಬಿಳಿ ಬಟ್ಟೆ ಹಿಡಿದು, ಎರಡು ಸಕ್ಕರೆ ಅಚ್ಚುಗಳನ್ನು ಒಂದಕ್ಕೊಂದು ಉಜ್ಜುತ್ತಿದ್ದರು. ಮದುವೆ ಓದಿಸುವ ಮೌಲವಿಗಳಿಗೆ ಇನ್ನೊಂದು ಮನೆಯಲ್ಲೂ ಮದುವೆಯಿತ್ತು. ಅವರು ಗಡಿಯಾರ ನೋಡಿಕೊಂಡೇ ಶುರು ಮಾಡಿದರು.

ಈ ಮದುವೆಗೆ ನಿನ್ನ ಒಪ್ಪಿಗೆ ಇದೆಯೇ ಎಂದು ಮೊದಲ ಸಲ ಕೇಳಿದರು. ವಧು ಹೂ ಕೊಯ್ಯಲು ಹೋಗಿದ್ದಾಳೆ ಎಂದು ಹೆಂಗಸರು ಪದ್ಧತಿಯಂತೆ ಕೂಗಿದರು. ಹೊರಗೆ ಢಂ ಎಂದಿತು. ಎರಡನೆಯ ಸಲ ಕೇಳಿದರು. ವಧು ಪನ್ನೀರು ತರಲು ಹೋಗಿದ್ದಾಳೆ ಎಂದರು. ಹೊರಗೆ ಮತ್ತೆ ಢಂ. ಈ ಸಲ ಮೇಣದಬತ್ತಿ ಅಲುಗಿತು, ಉಸ್ತಾದರು ಯಾರ ಬಳಿಯೋ ಕ್ಷಮೆ ಕೇಳುವುದು ಕೇಳಿಸಿತು. ಮೂರನೆಯ ಸಲ ಕೇಳಿದಾಗ ವಧು ಹೌದು ಅನ್ನಬೇಕು, ಅದಕ್ಕೆ ಮುಂಚೆ ಅವಳ ಬಾಯಿ ಬಿಡಿಸಲು ಒಂದು ಉಡುಗೊರೆ ಕೊಡಬೇಕು. ಗಂಡಿನ ತಾಯಿ ಮುಂದೆ ಬಂದು ಚಿನ್ನದ ಬಳೆ ತೊಡಿಸಿದರು.

ಗೋಲ್‌ನೂಶ್ ಬಳೆ ನೋಡಿದಳು, ಮುತ್ತಿಟ್ಟು ಕಣ್ಣಿಗೊತ್ತಿಕೊಂಡಳು, ಬಾಯಿ ಬಿಡಲಿಲ್ಲ.

ಮೌಲವಿಗಳು ಕೆಮ್ಮಿದರು. ಬರ್ದಿಯಾನ ಹಣೆಯಲ್ಲಿ ಬೆವರು ಒಡೆಯಿತು. ಗಂಡಿನ ಕಡೆಯ ಒಬ್ಬ ಚಿಕ್ಕಮ್ಮ ಬಳೆ ಹಗುರವಾಯಿತೇನೋ ಎಂದು ಇನ್ನೊಬ್ಬರ ಕಿವಿಯಲ್ಲಿ ಅಂದದ್ದು ಇಡೀ ಕೋಣೆಗೆ ಕೇಳಿಸಿತು.

“ಬಳೆ ಚೆನ್ನಾಗಿದೆ ಅತ್ತೆ,” ಎಂದಳು ಗೋಲ್‌ನೂಶ್. “ಆದ್ರೆ ನನ್ನ ಬಾಯಿ ಬಿಡಿಸೋ ಉಡುಗೊರೆ ನಮ್ಮಪ್ಪ ಕೊಡ್ಬೇಕು. ಜಾಸ್ತಿ ಏನಿಲ್ಲ. ಒಂದು ಸಲ, ಎಲ್ಲರ ಮುಂದೆ, ಬೇಡ ಅನ್ಲಿ. ಯಾವ ದೆಲ್ಕೊ ಬೇಡ ಅಂತ ಹೇಳ್ಲಿ. ಅಲ್ಲೀವರೆಗೂ ನಾನು ಪನ್ನೀರು ತರ್ತಾನೇ ಇರ್ತೀನಿ.”

ಸಕ್ಕರೆ ಉಜ್ಜುವ ಕೈಗಳು ನಿಂತವು. ಎಲ್ಲರ ಕಣ್ಣೂ ಬಾಗಿಲ ಬಳಿ ಶರಬತ್ತಿನ ತಟ್ಟೆ ಹಿಡಿದು ನಿಂತಿದ್ದ ಇರಜ್ ಆಗಾರ ಮೇಲೆ. ಅವರ ಒಂದು ಪಕ್ಕದಲ್ಲಿ ಹಾಜಿ ಯದುಲ್ಲಾ, ಇನ್ನೊಂದು ಪಕ್ಕದಲ್ಲಿ ಇಂಜಿನಿಯರ್ ಸಾಹೇಬರು. ತಟ್ಟೆಯ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನತೊಡಗಿದವು. ಆ ಮಾತು ಹೊಟ್ಟೆಯಲ್ಲಿ ಹುಟ್ಟಿದ್ದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಎದೆಗೆ ಏರಿತು, ಕೋಟಿನ ಗುಂಡಿ ಬಿಗಿಯಿತು. ಗಂಟಲಿಗೆ ಬಂತು, ಟೈ ಮೇಲೆ ಕೆಳಗೆ ಆಡಿತು. ತಿರುಗಿ ಇಳಿಯಲು ನೋಡಿತು. ಇರಜ್ ಆಗಾ ಕಣ್ಣು ಮುಚ್ಚಿಕೊಂಡರು.

“ಹಾಜಿ,” ಎಂದರು. “ನಿಮ್ಮ ದೆಲ್ಕೊ ನಂಗೆ... ಬೇಡ.”

ಕಣ್ಣು ಮುಚ್ಚಿಕೊಂಡೇ ಇನ್ನೊಂದು ಪಕ್ಕಕ್ಕೆ ತಿರುಗಿದರು.

“ಇಂಜಿನಿಯರ್ ಸಾಹೇಬ್ರೇ, ನಿಮ್ಮದೂ ಬೇಡ. ಬಿಳೀ ಕಾರೂ ಬೇಡ.” ಅಣೆಕಟ್ಟು ಒಡೆದಿತ್ತು. ಕಣ್ಣು ತೆರೆದು ಗಂಡಿನ ಚಿಕ್ಕಮ್ಮನ ಕಡೆ ತಿರುಗಿ, “ನಿಮ್ಮೂರಿಗೆ ರಜೆಗೆ ಬನ್ನಿ ಅಂದಿದ್ರಲ್ಲ, ಅದೂ ಬೇಡ,” ಎಂದರು. ಮೌಲವಿಗಳ ಕಡೆ ತಿರುಗುವಷ್ಟರಲ್ಲಿ ತೂರಾನ್ ಖಾನುಂ ಶರಬತ್ತಿನ ಲೋಟವೊಂದನ್ನು ಗಂಡನ ಬಾಯಿಗೆ ಒತ್ತಿದರು.

ಹಾಜಿ ಯದುಲ್ಲಾ ಕೋಲೂರಿಕೊಂಡು ಒಂದು ಹೆಜ್ಜೆ ಮುಂದೆ ಬಂದರು. ಇನ್ನು ಈ ಮನೆಗೂ ಆ ಮನೆಗೂ ಮಾತು ಮುರಿಯಿತು ಎಂದೇ ಎಲ್ಲರೂ ಅಂದುಕೊಂಡರು.

“ನಿನ್ನ ಬಾಯಿಗೆ ಸಕ್ಕರೆ ಹಾಕ,” ಎಂದರು ಹಾಜಿ. “ಈ ಮಾತನ್ನ ಮೊದಲನೇ ದಿನಾನೇ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತಪ್ಪ? ಆ ಗೂಡು ಖಾಲಿ ನೋಡಿ ನೋಡಿ ನನಗೆ ಅನ್ನ ಇಳೀತಿರ್ಲಿಲ್ಲ. ಉಪಚಾರಕ್ಕೆ ಅಂದಿದ್ದನ್ನ ಯಾರಾದ್ರೂ ಎತ್ಕೊಂಡು ಹೋಗ್ತಾರಾ?”

ಅವರು ಮಾತು ಮುಗಿಸುವ ಮೊದಲೇ ಇಂಜಿನಿಯರ್ ಸಾಹೇಬರು ಕೋಣೆಯಲ್ಲಿರಲಿಲ್ಲ. ಬೀದಿಯಲ್ಲಿ, ಮದುವೆಯ ಸೂಟಿನ ತೋಳು ಮಡಚಿಕೊಂಡು, ಪೇಕಾನಿನ ಹೊಟ್ಟೆಯೊಳಗೆ ತಲೆ ತೂರಿಸಿ ಕೆಂಪು ಟೋಪಿಯ ತಂತಿ ಬಿಚ್ಚುತ್ತಿದ್ದರು. ನನ್ನ ಜೀಪು ಅನಾಥವಾಗಿತ್ತು ಎಂದು ಅವರು ಉಸ್ತಾದರಿಗೆ ಹೇಳಿದರಂತೆ. ಬಿಳಿ ಕಾರಿನ ಹೊಸ ಬಣ್ಣಕ್ಕೆ ಹೂ ಅಂಟಿಸಿಬಿಡುತ್ತಾರೇನೋ ಎಂಬ ಹೆದರಿಕೆಯಲ್ಲಿ ತಾವು ಎಷ್ಟು ದಿನ ನರಳಿದ್ದರು ಎಂಬುದನ್ನೂ ಹೇಳಿದರಂತೆ. ಹಿಂದೆಯೇ ಹಾಜಿ ಬಂದು ತಮ್ಮ ಪಾಲಿನ ಮೈಯನ್ನು ಕರವಸ್ತ್ರದಲ್ಲಿ ಸುತ್ತಿ ಎದೆಗೊತ್ತಿಕೊಂಡರು.

ಒಳಗಿನಿಂದ ಗೋಲ್‌ನೂಶಳ ದನಿ ಸ್ಪಷ್ಟವಾಗಿ ಬಂತು. “ಅಪ್ಪನ ಮತ್ತು ಹಿರಿಯರ ಅಪ್ಪಣೆಯಿಂದ, ಹೌದು.” ಹೆಂಗಸರು ನಾಲಗೆ ಹೊರಳಿಸಿ ಕೂಗಿದ ಕೂಗಿಗೆ ಮೌಲವಿಗಳು ಎರಡನೆಯ ಮದುವೆಗೆ ಓಡಿದರು.

ಪೇಕಾನಿನಲ್ಲಿ ಈಗ ಖಾಲಿ ತೂತು. ಇರಜ್ ಆಗಾ ಹೊರಗೆ ಬಂದು ಉಸ್ತಾದರ ಎದುರು ನಿಂತರು. ಉಸ್ತಾದರು ಎಂದಿನಂತೆ, ನೀವು ಹೇಗೆ ಅಪ್ಪಣೆ ಕೊಡುತ್ತೀರೋ ಎಂದು ಶುರು ಮಾಡಿದರು. ಇರಜ್ ಆಗಾ ಕೈಯೆತ್ತಿ ತಡೆದು, ಉಪಚಾರ ಬೇಡ, ನಿಮ್ಮದೇ ಕಾರಾಗಿದ್ದರೆ ಯಾವುದು ಹಾಕುತ್ತಿದ್ದಿರಿ ಎಂದು ನೇರವಾಗಿ ಕೇಳಿದರು. ಉಸ್ತಾದರು ಮದುಮಗಳ ಹಾಗೆ ಕೆಂಪಾದರು. ಆಮೇಲೆ ಸಲಕರಣೆಯ ಚೀಲಕ್ಕೆ ಕೈಹಾಕಿ, ಕೇಳಿದರೆ ಇರಲಿ ಎಂದು ಕಪಾಟಿನಿಂದ ತೆಗೆದು ದಿನಾ ಹೊತ್ತು ತಿರುಗುತ್ತಿದ್ದ ಬುದ್ಧಿ ಕಟ್ಟಿಹಾಕಿದ ದೆಲ್ಕೊ ತೆಗೆದರು. ಬೂದುಬಣ್ಣದ್ದು, ಯಾರ ಕಣ್ಣಿಗೂ ಬೀಳುವಂಥದಲ್ಲ. ಒಳಗೆ ಅತಿಥಿಗಳು ಎರಡನೆಯ ಸುತ್ತಿನ ಸಿಹಿ ತಿನ್ನುವಷ್ಟರಲ್ಲಿ ಅದು ಕೂತಿತು. ಕೀಲಿ ತಿರುಗಿಸಿದರೆ ಇಂಜಿನ್ ಬಿಸಿಲಲ್ಲಿ ಮಲಗಿದ ಬೆಕ್ಕಿನ ಹಾಗೆ ಗುರುಗುಟ್ಟಿತು. ಎರಡೂ ಪಕ್ಷದವರು ತಲೆಯಾಡಿಸಿ, ತಾವು ಮೊದಲಿನಿಂದ ಹೇಳುತ್ತಿದ್ದುದು ಇದನ್ನೇ ಎಂದರು.

ಗೋಲ್‌ನೂಶ್ ಹಿಂದಿನ ಸೀಟಿನಲ್ಲಿ ಮದುವೆಯ ಉಡುಪಿನ ಅಂಚನ್ನೆಲ್ಲ ಒಳಗೆ ಸೇರಿಸಿಕೊಂಡು ಕೂತಳು. ಹಿಂದೆ ಹಾರ್ನ್ ಬಾರಿಸಲು ಕಾರುಗಳ ಸಾಲು ಸಿದ್ಧವಾಯಿತು. ವಧುವಿನ ಕಾರನ್ನು ಓಡಿಸುವವನು ಮದುಮಗ. ಇದು ಯಜ್ದ್‌ನ ಗೋಡೆಗಳಿಗೂ ಗೊತ್ತು. ಬರ್ದಿಯಾ ಹೂಗುಚ್ಛ ಹಿಡಿದು ಬಂದ. ಚಾಲಕನ ಬಾಗಿಲು ತೆರೆದ. ಆದರೆ ಅವನು ಮಹಾ ವಿನಯವಂತ. ಹತ್ತುವ ಮೊದಲು ಮಾವನ ಕಡೆ ತಿರುಗಿ ಎದೆಯ ಮೇಲೆ ಕೈಯಿಟ್ಟುಕೊಂಡು, “ನೀವಿರುವಾಗ ನಾನು ಸ್ಟಿಯರಿಂಗ್ ಮುಟ್ಟೋದಾ ಮಾವ? ನೀವೇ ಓಡ್ಸಿ,” ಎಂದ.

ಇರಜ್ ಆಗಾ ಅಳಿಯನ ಮುಖವನ್ನು ಪ್ರೀತಿಯಿಂದ ನೋಡಿದರು. ಇವತ್ತು ಲೋಕವೇ ಬದಲಾಗಿತ್ತು. ಬೇಡವಾದದ್ದನ್ನು ಜನ ಬೇಡ ಎನ್ನುತ್ತಿದ್ದರು, ಬೇಕಾದದ್ದನ್ನು ಬಾಯಿಬಿಟ್ಟು ಕೇಳುತ್ತಿದ್ದರು. ಎಂಥ ಒಳ್ಳೆಯ ಹುಡುಗ.

“ನಿಜವಾಗ್ಲೂ?”

“ಖಂಡಿತ ಮಾವ. ದಯವಿಟ್ಟು.”

“ಸರಿ ಹಾಗಾದ್ರೆ,” ಎಂದು ಇರಜ್ ಆಗಾ ಹತ್ತಿ ಕೂತು, ಬಾಗಿಲು ಎಳೆದುಕೊಂಡು, ಗೇರ್ ಹಾಕಿ ಹೊರಟೇಬಿಟ್ಟರು.

ಬರ್ದಿಯಾ ಪಕ್ಕದ ಸೀಟಿನ ಬಾಗಿಲ ಕಡೆ ಬರಲು ಕಾರಿನ ಮುಂದಿನಿಂದ ಸುತ್ತಬೇಕೋ ಹಿಂದಿನಿಂದ ಸುತ್ತಬೇಕೋ ಎಂದು ಯೋಚಿಸುವಷ್ಟರಲ್ಲಿ ಸುತ್ತಲು ಕಾರು ಇರಲಿಲ್ಲ. ಹಿಂದಿನ ಕಾರುಗಳು ಸಂಭ್ರಮದಿಂದ ಹಾರ್ನ್ ಬಾರಿಸುತ್ತ ಪೇಕಾನಿನ ಬೆನ್ನು ಹತ್ತಿದವು. ಅವುಗಳ ನಡುವೆ ಹೂಗುಚ್ಛ ಎತ್ತಿ ಹಿಡಿದು ಓಡುತ್ತಿದ್ದ ಮದುಮಗನನ್ನು ಕಂಡ ಬೀದಿಯ ಜನ, ಇದೇನೋ ಅವರ ಕಡೆಯ ಪದ್ಧತಿಯಿರಬೇಕು ಎಂದು ಚಪ್ಪಾಳೆ ತಟ್ಟಿದರು.

ಗೋಲ್‌ನೂಶ್ ಹಿಂದಿನ ಗಾಜಿನಲ್ಲಿ ನೋಡಿದಳು. “ಅಪ್ಪ, ಬರ್ದಿಯಾ ಅಲ್ಲೇ ಉಳ್ಕೊಂಡ.”

“ಅವನೇ ಅಂದನಲ್ಲಮ್ಮ, ನೀವೇ ಓಡ್ಸಿ ಅಂತ. ನಾನು ಕೇಳಿ ಖಚಿತ ಮಾಡ್ಕೊಂಡೆ.”

“ಅದು ಉಪಚಾರಕ್ಕೆ ಅಂದಿದ್ದು ಅಪ್ಪ.”

ಇರಜ್ ಆಗಾರ ಕಾಲು ತಟ್ಟನೆ ಬ್ರೇಕಿನ ಮೇಲೆ ಹೋಯಿತು. ಗೋಲ್‌ನೂಶ್ ಹಿಂದಿನಿಂದ ಅವರ ಭುಜದ ಮೇಲೆ ಕೈಯಿಟ್ಟಳು. ಬಳೆ ಕಿಣಿ ಎಂದಿತು.

“ಈಗ್ಲೇ ನಿಲ್ಲಿಸ್ಬೇಡ,” ಎಂದಳು. “ಚೌಕ ಒಂದು ಸುತ್ತು ಹಾಕ್ಕೊಂಡು ಬರೋಣ. ಅಷ್ಟರಲ್ಲಿ ಅವನೂ ಬಾಯಿ ಬಿಟ್ಟು ಕೇಳೋದು ಕಲ್ತಿರ್ತಾನೆ.”